ಕೊನೆಯ ಬೆಂಚಿನ ಇಬ್ಬರು

ಗ್ರಂಥಾಲಯದ ಪತ್ರಿಕೆ ಓದುವ ಹಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮುದುಕ ತಟ್ಟನೆ ನಿಘಂಟುಗಳ ಕಪಾಟಿನ ಹಿಂದೆ ಸರಿದ. ಪರಿಚಯದ ಗಂಟಲು. ಅದರ ಒಡೆಯ ಮತ್ತೆ ಪೇಪರಿನೊಳಗೆ ಮುಳುಗುವವರೆಗೆ ಕಾದು, ಗೋಡೆಗೆ ಅಂಟಿಕೊಂಡೇ ನಡೆದು, ಹಿಂಬದಿಯ ಕೋಣೆಗೆ ನುಸುಳಿದ. ಬಾಗಿಲ ಮೇಲೆ ಬೋರ್ಡಿತ್ತು: ವಯಸ್ಕರ ಅಕ್ಷರ ತರಗತಿ, ಗುರುವಾರ ಸಂಜೆ ಐದಕ್ಕೆ.

ವಯಸ್ಸು ಎಪ್ಪತ್ತಾರು. ಈ ಕೋಣೆಯಲ್ಲಿ ಸಿಕ್ಕಿಬಿದ್ದರೆ ನಾಳೆಯಿಂದ ಬೀದಿಯಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಬರುತ್ತಿದ್ದ. ಹೆಂಡತಿ ಅವನ ಚಪ್ಪಲಿ ನೋಡುತ್ತಿರಲಿಲ್ಲ, ತೋಳು ನೋಡುತ್ತಿದ್ದಳು.

"ಮತ್ತೆ ತೋಳಿಗೆ ಬಿಳಿ. ಇದೆಲ್ಲ ಮುಗೀತು ಅಂದ್ಕೊಂಡಿದ್ದೆ."

"ಗೋಡೆ ತಾಗ್ತು."

"ಗುರುವಾರ ಮಾತ್ರ ತಾಗುತ್ತೆ ನಿಮ್ಮ ಗೋಡೆ."

ಇದೆಲ್ಲ ಶುರುವಾದದ್ದು ಮೂರು ತಿಂಗಳ ಹಿಂದೆ, ಇದೇ ಬಾಗಿಲಲ್ಲಿ. ಬೀದಿ ಮೂಲೆಗೆ ಹೊಸದಾಗಿ ಬಂದಿದ್ದ, ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಹೊಸ್ತಿಲಲ್ಲಿ ನಿಂತಿದ್ದಳು. ಐವತ್ತು ದಾಟಿದವಳು. ಯಾರ ಬಟ್ಟೆ ಯಾವುದೆಂದು ಗಂಟಿಗೆ ಬಣ್ಣದ ದಾರ ಕಟ್ಟಿ ನೆನಪಿಟ್ಟುಕೊಳ್ಳುವವಳು. ಒಂದು ಕಾಲು ಒಳಗಿಟ್ಟಳು, ಹಿಂದೆ ತೆಗೆದಳು, ಮತ್ತೆ ಇಟ್ಟಳು, ಕೊನೆಗೆ ತಿರುಗಿ ಹೊರಟೇಬಿಟ್ಟಳು. ಮುದುಕ ಎದುರಾದ.

"ಯಾಕಮ್ಮ, ವಾಪಸ್ ಹೊರಟೆ?"

"ನಾಚ್ಕೆ ಆಗುತ್ತೆ ಯಜಮಾನ್ರೇ. ಈ ವಯಸ್ಸಲ್ಲಿ ಅಆಇಈ ಅಂತ ಕೂರೋದಾ?"

ಮುದುಕ ಅವಳ ಹುಬ್ಬಿನ ಮೇಲಿನ ಮಚ್ಚೆಯನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ.

"ನಂಗೂ ಬರಲ್ಲಮ್ಮ. ಬಾ, ಇಬ್ರೂ ಒಟ್ಟಿಗೇ ನಾಚ್ಕೊಳೋಣ."

ಪಾಠ ಹೇಳುತ್ತಿದ್ದ ಗ್ರಂಥಪಾಲಕಿ ಹಾಜರಿ ಪುಸ್ತಕ ಚಾಚಿದಾಗ ಮುದುಕನ ಕೈ ಅಂಗಿಯ ಜೇಬಿನತ್ತ ಹೋಯಿತು, ಅರ್ಧದಲ್ಲಿ ನಿಂತಿತು, ಆಮೇಲೆ ಶಾಯಿ ಡಬ್ಬಿಯತ್ತ ತಿರುಗಿತು. ಹೆಬ್ಬೆಟ್ಟು ಒತ್ತಿದ.

ಇಬ್ಬರಿಗೂ ಕೊನೆಯ ಬೆಂಚು. ಅವಳ ಪುಸ್ತಕದಲ್ಲಿ ಎರಡು ತಪ್ಪಿದ್ದರೆ ಅವನದರಲ್ಲಿ ಮೂರು. ಅವಳದು ಐದಾದ ದಿನ ಅವನದು ಆರು. "ಪರವಾಗಿಲ್ಲ, ನನ್ನ ಹಿಂದೆ ಒಬ್ರಿದ್ದಾರೆ" ಎಂದು ಅವಳು ಸೆರಗಿನಲ್ಲಿ ನಗುತ್ತಿದ್ದಳು. ಮುಂದಿನ ಬೆಂಚಿನಿಂದ ಲಿಫ್ಟ್ ನಡೆಸುವವನು ತಿರುಗುತ್ತಿದ್ದ. "ತಾತ, ಧೈರ್ಯ ಬಿಡ್ಬೇಡಿ. ನನ್ನ ನೋಡಿ, ದಿನಕ್ಕೆ ಇನ್ನೂರು ಸಲ ಮೇಲೆ ಹೋಗ್ತೀನಿ, ಜೀವನದಲ್ಲಿ ಒಂದ್ಸಲಾನೂ ಮೇಲೆ ಬಂದಿಲ್ಲ."

ಒಂದು ಗುರುವಾರ ಗ್ರಂಥಪಾಲಕಿ ಕೇಳಿದಳು, "ಶಾಲೆ ಯಾಕೆ ಬಿಟ್ರಿ?"

ಇಸ್ತ್ರಿಯವಳು ಬಾಯಲ್ಲಿ ಹೇಳಲಿಲ್ಲ. ಎದ್ದು ಹೋಗಿ ಮಾಡಿ ತೋರಿಸಿದಳು. ಇಲ್ಲದ ಮೀಸೆ ತಿರುವಿದಳು, ಸೀಮೆಸುಣ್ಣ ಮುರಿದು ಒಂದು ತುಂಡನ್ನು ಕಿವಿಗೆ ಸಿಕ್ಕಿಸಿದಳು, ಮೇಜಿಗೆ ಮೂರು ಸಲ ಗೆಣ್ಣಿನಿಂದ ಕುಟ್ಟಿದಳು. ಮೂಗಿನಿಂದ ದನಿ ಹೊರಟಿತು. "ತಲೇಲಿ ಏನಿದೆಯೇ, ಜೇಡಿಮಣ್ಣಾ? ಹೊರಗೆ ನಡಿ. ಅಕ್ಷರ ಬರೋವರೆಗೆ ಒಳಗೆ ಕಾಲಿಡಬೇಡ." ಕೋಣೆಯೇ ನಕ್ಕಿತು. ಅವಳು ತನ್ನ ದನಿಗೆ ಮರಳಿದಳು. "ಎಂಟು ವರ್ಷ ನಂಗೆ. ಹೊರಗೇ ನಿಂತ್ಕೊಂಡು ಅಕ್ಷರ ಹೇಗೆ ಬರುತ್ತೆ ಅಂತ ಮಾತ್ರ ಹೇಳ್ಲಿಲ್ಲ ಪುಣ್ಯಾತ್ಮ."

"ಈಗ ಎದುರಿಗೆ ಸಿಕ್ಕಿದ್ರೆ?" ಎಂದ ಲಿಫ್ಟಿನವನು.

"ಇಸ್ತ್ರಿ ಪೆಟ್ಟಿಗೆ ಬಿಸಿ ಇದ್ದಾಗ ಸಿಗದಿದ್ರೆ ಅವರಿಗೇ ಒಳ್ಳೇದು."

ಮುದುಕ ಎಲ್ಲರಿಗಿಂತ ತಡವಾಗಿ ನಕ್ಕ.

"ತಾತ, ನಿಮ್ಮ ಕಾಲದ ಮೇಷ್ಟ್ರು ಹೇಗಿದ್ರು?"

"ಹೀಗೇ ಇದ್ರು" ಎಂದು ಪುಸ್ತಕದ ಅಂಚು ಮಡಿಸುತ್ತ ಕುಳಿತ.

ಮುಂದಿನ ಗುರುವಾರ ಅವನು ಬರಲಿಲ್ಲ. ಶುಕ್ರವಾರ ಇಸ್ತ್ರಿಯವಳು ಬೀದಿಯಲ್ಲಿ ಅಡ್ಡಹಾಕಿದಳು. "ನೀವು ಬರಲಿಲ್ಲ, ನಾನೂ ಬಾಗಿಲಿಂದಲೇ ವಾಪಸ್ ಬಂದೆ. ಲೆಕ್ಕ ಸರಿಹೋಯ್ತು. ಬಿಟ್ಟುಬಿಡೋಣ ಬಿಡಿ." ಮುದುಕನ ಮುಖ ಸುಟ್ಟುಕೊಂಡವನ ಹಾಗಾಯಿತು. "ಬರ್ತೀನಿ" ಎಂದ. ಬಂದ. ಕಪಾಟಿನ ಹಿಂದೆ ಅಡಗಿ, ಗೋಡೆಗೆ ಅಂಟಿ, ಪ್ರತಿ ವಾರವೂ.

ಕೊನೆಯ ದಿನ. ಒಬ್ಬೊಬ್ಬರೇ ಹೋಗಿ ಬೋರ್ಡಿನ ಮೇಲೆ ತಮ್ಮದೊಂದು ಸಾಲು ಬರೆಯಬೇಕು, ಓದಬೇಕು. ಸೆಖೆಗೆ ಬಾಗಿಲು ತೆರೆದಿಟ್ಟಿದ್ದರು. ಗ್ರಂಥಪಾಲಕಿ ಹೊಸ ಸೀಮೆಸುಣ್ಣವೊಂದನ್ನು ಹಲಗೆಯ ಕೆಳಗಿಟ್ಟು, "ಮೊದಲು ತಾತ" ಎಂದಳು. ಉಳಿದವರೆಲ್ಲ ತಲೆ ಬಗ್ಗಿಸಿ ತಮ್ಮ ತಮ್ಮ ಸಾಲು ತಿದ್ದುತ್ತಿದ್ದರು.

ಮುದುಕ ಎದ್ದ. ಅಷ್ಟರಲ್ಲಿ ಹಾಲಿನಿಂದ ಅದೇ ಗಂಟಲು. ಕಣ್ಣು ಬೋರ್ಡಿಗೆ, ಕಿವಿ ಬಾಗಿಲಿಗೆ. ಕೈಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. 'ನನ್ನಿಂದ ತಪು ಆಯಿತು' ಎಂದು ಸೊಟ್ಟಗೆ ಬರೆದು, ತಗ್ಗಿದ ದನಿಯಲ್ಲಿ ಓದಿದ.

"ತಾತ, ತಪ್ಪನ್ನೇ ತಪ್ಪಾಗಿ ಬರೆದಿದ್ದೀರಿ" ಎಂದಳು ಗ್ರಂಥಪಾಲಕಿ.

ಎಲ್ಲರೂ ತಲೆಯೆತ್ತಿ ನಕ್ಕರು. ಅವನು ನೆಲ ನೋಡುತ್ತ ಬಂದು ಕೂತ.

ಇಸ್ತ್ರಿಯವಳ ಸರದಿ. ಹಲಗೆಯ ಕೆಳಗೆ ಕೈಯಾಡಿಸಿದಳು.

"ಅರ್ಧವೇ ಇದೆ ಮಿಸ್."

"ಪೂರ್ತಿ ಇಟ್ಟಿದ್ದೆನಲ್ಲ. ಇನ್ನರ್ಧ ಎಲ್ಲಿ ಹೋಯ್ತು?"

ಅವಳು ತುಂಡನ್ನು ತಿರುಗಿಸಿ ನೋಡಿದಳು. ತಿರುಗಿ ಬೆಂಚುಗಳತ್ತ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ, ಒಂದೊಂದೇ ಅಕ್ಷರವನ್ನು ಅಂಗಿಯ ಕಾಲರ್ ತೀಡುವಷ್ಟು ನಿಧಾನವಾಗಿ ತೀಡಿ, ಒಂದು ಸಾಲು ಬರೆದಳು. ಒಂದೂ ತಪ್ಪಿರಲಿಲ್ಲ. ಬರೆದದ್ದನ್ನು ಅಲ್ಲಿ ನಿಂತು ಓದಲಿಲ್ಲ. ನೇರವಾಗಿ ನಡೆದು ಹೊಸ್ತಿಲು ದಾಟಿ, ಹೊರಗೆ ನಿಂತು, ಕೈಕಟ್ಟಿ ಓದಿದಳು.

"ಅಕ್ಷರ ಬಂತು ಮೇಷ್ಟ್ರೇ. ಒಳಗೆ ಬರಲಾ?"

ಮತ್ತೆ ಮೇಷ್ಟ್ರ ಅಣಕವೆಂದು ತರಗತಿ ನಕ್ಕಿತು. "ಬನ್ನಿ, ಬನ್ನಿ" ಎಂದಳು ಗ್ರಂಥಪಾಲಕಿ. ಅವಳು ಕದಲಲಿಲ್ಲ.

ಇನ್ನರ್ಧ ಸೀಮೆಸುಣ್ಣ ಕೊನೆಯ ಬೆಂಚಿನಲ್ಲಿತ್ತು, ಮುದುಕನ ಕಿವಿಯ ಸಂದಿಯಲ್ಲಿ.