ಪಾಸ್ಕ ಹಬ್ಬದ ಗುಟುಕು

ದ್ರಾಕ್ಷಾರಸದ ಲೋಟವನ್ನು ತುಟಿಯವರೆಗೆ ತಂದ ವೀತೊ ಹಾಗೇ ನಿಂತುಬಿಟ್ಟ. ಬಿಷಪ್ ಒರಾಂಜೊ ಅದನ್ನು ನೋಡಿದರು. ಹೊರಗೆ ಪಾಸ್ಕದ, ಅಂದರೆ ಈಸ್ಟರ್ ಹಬ್ಬದ, ಪೂಜೆಗೆ ಗಂಟೆ ಹೊಡೆಯುತ್ತಿತ್ತು. ಹಿಂದಿನ ಬಿಷಪ್ಪರು ಚರ್ಚಿನ ಬಲಿಪೂಜೆಯಲ್ಲಿ ವಿಷ ಬೆರೆತ ದ್ರಾಕ್ಷಾರಸ ಕುಡಿದು ಪೀಠದ ಮುಂದೆಯೇ ನೊರೆ ಕಾರಿ ಸತ್ತರೆಂಬ ಮಾತು ಊರಲ್ಲಿತ್ತು. ಅದಕ್ಕೇ ಒರಾಂಜೊ ಇಲ್ಲಿನ ಚರ್ಚಿನ ಗುರುಗಳಲ್ಲಿ ಒಬ್ಬರನ್ನೂ ನಂಬದೆ, ಮೊದಲು ಕುಡಿದು ತೋರಿಸಲು ಒಡಹುಟ್ಟಿದ ಅಣ್ಣ ವೀತೊನನ್ನೇ ಕರೆಸಿಕೊಂಡಿದ್ದರು.

"ಯಾಕಣ್ಣ, ನಿಲ್ಲಿಸ್ಬಿಟ್ಟೆ?"

"ಏನಿಲ್ಲ ಕಣೋ. ಇವತ್ತೊಂದಿನ ಬೇರೆ ಯಾರಾದ್ರೂ ಕುಡಿದ್ರೆ ಆಗಲ್ವಾ?"

ನಿನ್ನೆ ಸಂಜೆ ಕತ್ತಲ ಮೂಲೆಯಲ್ಲಿ ಅಣ್ಣ ಮುಖ್ಯ ಗುರುವಿನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದುದು ನೆನಪಾಗಿ ಒರಾಂಜೊ ಬಾಗಿಲಿಗೆ ಅಡ್ಡ ನಿಂತರು. "ನಿನ್ನನ್ನೂ ಕೊಂಡ್ಕೊಂಡ್ರಾ? ಕುಡಿ. ನನ್ನ ಕಣ್ಣೆದುರಿಗೇ ಕುಡಿ."

ವೀತೊ ತಮ್ಮನ ಮುಖವನ್ನೊಮ್ಮೆ ನೋಡಿ ಒಂದೇ ಗುಟುಕಿಗೆ ಮುಗಿಸಿದ. ಅವನಿಗೇನೂ ಆಗಲಿಲ್ಲ.

ಪೂಜೆಯಲ್ಲಿ ಪ್ರಸಾದದ ರೊಟ್ಟಿ ಹಂಚುವ ಹೊತ್ತಿಗೆ ಊರಿಗೆ ಊರೇ ಮೊಣಕಾಲೂರಿತು. ವೀತೊ ಮಾತ್ರ ಕಂಬಕ್ಕೆ ಒರಗಿ ದೂರ ನಿಂತಿದ್ದ. ಅನುಮಾನ ಮತ್ತೆ ಹೆಡೆಯೆತ್ತಿತು. ಒರಾಂಜೊ ಪ್ರಸಾದ ಹಿಡಿದು ನೇರ ಅವನ ಬಳಿಗೇ ಹೋದರು. "ಮನಸ್ಸಲ್ಲಿ ಕಪಟ ಇಲ್ದಿದ್ರೆ ಬಾಯಿ ತೆರಿ," ಎಂದರು ಮೆಲ್ಲಗೆ.

ವೀತೊ ಬೇಡವೆಂದು ತಲೆಯಾಡಿಸಿದ. "ಬರಿಹೊಟ್ಟೇಲಿ ಇರೋರಿಗಷ್ಟೇ ಪ್ರಸಾದ ಅಂತ ನೀನೇ ಅಲ್ವೇನೋ ಹೇಳೋದು? ನಾನು ದಿನಾ ಪೂಜೆಗೆ ಮುಂಚೇನೇ ನಿನ್ನ ರಸ ಕುಡಿದಿರ್ತೀನಲ್ಲ. ನೀನು ಬಿಷಪ್ ಆದಾಗಿಂದ ನನ್ನ ನಾಲಿಗೆ ಮೇಲೆ ಪ್ರಸಾದ ಬಿದ್ದಿಲ್ಲ ಕಣೋ. ಇವತ್ತು ಹಬ್ಬ ಅಂತ, ನಿನ್ನೆ ಸಂಜೆ ಆ ಗುರುಗಳ ಹತ್ರ ಪಾಪನಿವೇದನೇನೂ ಮಾಡ್ಕೊಂಡು ಬಂದಿದ್ದೆ."