ಹಗುರವಾದ ಬಿಲ್ಲು

ಬಿಲ್ಲಿನ ಹೆದೆಗೆ ಮೇಣ ಉಜ್ಜುವಾಗ ಬರುವ ಜೇನಿನ ವಾಸನೆ ಈಗಲೂ ನನ್ನನ್ನು ಹ್ಯೂಸ್ಟನ್ನಿನ ಆ ಅಂಗಡಿಗೆ ಕರೆದೊಯ್ಯುತ್ತದೆ. ಗೆಳತಿಯ ಮನೆಯವರು ಜಿಂಕೆ ಬೇಟೆಗೆ ನನ್ನನ್ನೂ ಕರೆದಿದ್ದರು. ಮೊಟ್ಟೆಯನ್ನೂ ಮನೆಯೊಳಗೆ ತರದ ಅಮ್ಮ ಅಂಗಡಿಗೆ ಬರಲೊಪ್ಪದೆ ಕಾರಿನಲ್ಲೇ ಕುಳಿತಿದ್ದಳು.

ಅಲ್ಲಿದ್ದ, ತುದಿಗಳು ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲುಗಳಲ್ಲಿ ನಾನು ಎಳೆಯಲು ತುಂಬ ಬಲ ಬೇಕಾದ ಭಾರದ್ದನ್ನೇ ಎತ್ತಿಕೊಂಡೆ. ಬಾಣ ಹೂಡಿ ಎಳೆದರೆ ಬಾಣದ ತುದಿ ಗಡಗಡ ನಡುಗಿತು.

"ಐ ಕ್ಯಾನ್ ಹೋಲ್ಡ್ ಇಟ್," ಎಂದೆ.

ಅಪ್ಪ ಅದನ್ನು ಮೆಲ್ಲಗೆ ತೆಗೆದುಕೊಂಡರು. "ಬೇಡ ಪುಟ್ಟಿ. ಕೈ ನಡುಗಿದ್ರೆ ಬಾಣ ಎಲ್ಲೋ ತಗಲುತ್ತೆ. ಪಾಪ, ಜಿಂಕೆ ನರಳ್ತಾ ಬಿದ್ದಿರುತ್ತೆ. ನಿನ್ನ ಕೈಲಿ ನಿಲ್ಲೋದನ್ನ ತಗೋ."

ಅವರು ಕೊಟ್ಟ ಹಗುರ ಬಿಲ್ಲಿನ ಮರದ ಹಿಡಿ ನುಣುಪಾಗಿತ್ತು. ಎಳೆದೆ. ಬಾಣ ಅಲುಗಲಿಲ್ಲ. ಹತ್ತಿರದಿಂದಾದರೆ ಜಿಂಕೆಗೂ ಇದು ಸಾಕು ಎಂದಳು ಅಂಗಡಿಯಾಕೆ. ಅದನ್ನೇ ಕೊಂಡೆವು.

ಕಾರಿನ ಬಳಿ ಬಂದಾಗ ಅಮ್ಮ ನಮ್ಮತ್ತ ನೋಡಲಿಲ್ಲ.

"ಡಿಕ್ಕೀಲಿ ಇಡ್ತೀನಿ," ಎಂದರು ಅಪ್ಪ.

"ಡಿಕ್ಕೀಲಿ ಯಾಕೆ? ಏನಾದ್ರೂ ತಗಲಿ ಗೀರು ಬಿದ್ರೆ? ಕೊಡಿ ಇಲ್ಲಿ," ಎಂದು ಅಮ್ಮ ಕೈ ಚಾಚಿದಳು.

ಹ್ಯೂಸ್ಟನ್ನಿನ ಪಕ್ಕದ ಊರಾದ ಮಿಸೌರಿ ಸಿಟಿಯ ನಮ್ಮ ಮನೆ ಬರುವವರೆಗೂ ಬಿಲ್ಲು ಅವಳ ತೊಡೆಯ ಮೇಲೇ ಇತ್ತು.