ಮದ್ದಿನ ಬಳೆ

ಮೂರು ತಿಂಗಳಿಗೊಮ್ಮೆ ಮದ್ದಿನ ಬಳೆ ಬದಲಿಸಿಕೊಳ್ಳಲು ಓಣಿಯ ಹೆಂಗಸರೆಲ್ಲ ಬಳೆಗಾರ್ತಿ ಮಾಲನಬಿಯ ಕಟ್ಟೆಗೆ ಬರುತ್ತಿದ್ದರು. ಬಳೆಯೊಳಗಿನ ಮದ್ದು ಚರ್ಮದ ಮೂಲಕ ಮೈಗಿಳಿಯುತ್ತಿತ್ತು; ಅದನ್ನು ತೊಟ್ಟವಳಿಗೆ ಎಚ್‌ಐವಿಯೂ ತಾಗದು, ಬಸಿರೂ ನಿಲ್ಲದು. ಹುಲಿಗೆವ್ವ ಐದು ವರ್ಷದಿಂದ ತಪ್ಪದೆ ತೊಡುತ್ತಿದ್ದಳು. ಗಂಡನ ರಕ್ತದಲ್ಲಿ ಎಚ್‌ಐವಿ ಇತ್ತು. ಗುಳಿಗೆ ನುಂಗು ಎಂದರೆ ಅವನು ಉಣ್ಣುವ ತಟ್ಟೆಯನ್ನೇ ಎಸೆಯುತ್ತಿದ್ದ.

ಇಂದು ಅವಳು ಕೈ ಚಾಚಲಿಲ್ಲ.

"ಯಕ್ಕಾ, ಗಂಡನ ಬ್ಯಾನಿ ಅಷ್ಟ ತಡಿಯೂ ಬಳಿ ಇಲ್ಲೇನು? ನನಗೊಂದು ಕೂಸು ಬೇಕು."

"ಕಂಪನಿಯವ್ರು ಎರಡೂ ಮದ್ದು ಕೂಡಿಸೇ ಬಳಿ ಮಾಡ್ತಾರವ್ವ. ಬ್ಯಾರೆ ಬ್ಯಾರೆ ಮಾಡಿ ಕೊಡ್ರಿ ಅಂತ ನಾವು ಹೆಂಗಸ್ರು ಎಷ್ಟ ಸಲ ಕೇಳೇವಿ. 'ನಿಮಗ ಇದ ಅನುಕೂಲ' ಅಂತಾರ."

"ಹಂಗಾರ ಈ ಸಲ ಬರಿಗೈಲೆ ಕಳಸು."

"ಬರಿಗೈಲೆ ಕಳಸಿದ್ರ ನಾನ ನಿನ್ನ ಕೊಂದಂಗ ಆಕ್ಕೈತಿ."

ಹುಲಿಗೆವ್ವ ಕೊನೆಗೆ ಕೈ ಚಾಚಿದಳು. ಮಾಲನಬಿ ಅವಳ ಬೆರಳು ಮಡಿಚಿ, ಹಸಿರು ಬಳೆಯನ್ನು ಮೆಲ್ಲಗೆ ಏರಿಸಿದಳು. ಬಳೆ ತೊಟ್ಟವಳು ಬಳೆಗಾರ್ತಿಗೆ ನಮಸ್ಕರಿಸುವುದು ರೂಢಿ. ಹುಲಿಗೆವ್ವ ಬಾಗಿದಳು. ನಲವತ್ತು ವರ್ಷ ಹರಸಿದ ಬಾಯಿ, ಮಾಲನಬಿ ತಡೆಯುವ ಮೊದಲೇ ಆಡಿಬಿಟ್ಟಿತು:

"ಮಕ್ಕಳ ತಾಯಿ ಆಗವ್ವಾ."

ಬಾಗಿದ ತಲೆ ಮೇಲೇಳಲಿಲ್ಲ.